ಮೂವರು ಹೊಸ ಕೇಳುಗರು

ಜೂನ್ ೧೧, ಮಂಗಳವಾರ

ಇಂಟರ್‌ನೆಟ್ ರೇಡಿಯೋಗೆ ಹಾಡಿನ ರಾಯಲ್ಟಿ ದರ ಮತ್ತೆ ಏರಿದೆ. ಮನೆಯಿಂದಲೇ ಇಂಥದ್ದೊಂದು ರೇಡಿಯೋ ನಡೆಸುವ ನಾನು, ಒಂದು ಹಾಡನ್ನು ಎಷ್ಟು ಜನ ಕೇಳುತ್ತಾರೋ ಅಷ್ಟು ಸಲ ಹಾಡಿನ ಹಕ್ಕುದಾರರಿಗೆ ಕಾಸು ಬಿಚ್ಚಬೇಕು. ಕೇಳುಗರು ಹೆಚ್ಚಿದರೆ ಹಿಗ್ಗಬೇಕೋ ಅಳಬೇಕೋ ತಿಳಿಯದ ಕಸುಬು ನನ್ನದು. ಆದರೂ ಈ ವಾರ ಹೊಸದಾಗಿ ಮೂವರು ಬಂದರೆಂದು ಬೀಗುತ್ತಿದ್ದೆ. ಇವತ್ತು ನೀರು ಕುಡಿಯಲು ಎದ್ದು ಹೋದರೆ ಅಡುಗೆಮನೆಯ ಟ್ಯಾಬು, ಹಾಸಿಗೆ ಮೇಲಿನ ಫೋನು, ಬಾಲ್ಕನಿಯ ಹಳೇ ಲ್ಯಾಪ್‌ಟಾಪು, ಮೂರರಲ್ಲೂ ನನ್ನದೇ ರೇಡಿಯೋ!

“ನಿಂಗೆ ಜನ ಜಾಸ್ತಿ ಆಗ್ಲಿ ಅಂತ ಹಾಕ್ದೆ ಕಣಮ್ಮಾ,” ಅಂದರು ಅತ್ತೆ.

ದರದ ಕಥೆ ಹೇಳಿದೆ. ಪಾಪ, ಮೂರನ್ನೂ ಆರಿಸಿದರು. ಸಂಜೆ ನೋಡಿದರೆ ನನ್ನ ಸ್ಟುಡಿಯೋ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.

“ಇಲ್ಲಿ ಕೂತು ಕೇಳಿದ್ರೂ ದುಡ್ಡಾ?”

ಮೈಕು ಆನ್ ಇತ್ತು. ನಾನು ಬಿದ್ದು ಬಿದ್ದು ನಕ್ಕಿದ್ದು ಎಲ್ಲರಿಗೂ ಕೇಳಿಸಿತು. ಪುಣ್ಯಕ್ಕೆ ಅದಕ್ಕಿನ್ನೂ ರಾಯಲ್ಟಿ ಇಲ್ಲ.