ಮೇಲಕ್ಕೆ ಸರಿದ ಸಾಲು

ಹೊಸಪೇಟೆ
೯ ಆಗಸ್ಟ್ ೧೯೯೪

ಪ್ರೀತಿಯ ಚೆನ್ನಬಸಮ್ಮನಿಗೆ ಗಂಗಾಬಾಯಿ ಮಾಡುವ ನಮಸ್ಕಾರಗಳು.

ನಿನ್ನ ಮನೆಯವರು, ಮರುಳಸಿದ್ದಪ್ಪನವರು, ತೀರಿಕೊಂಡು ಎರಡು ತಿಂಗಳಾಯಿತು. ಎಮ್ಮಿಗನೂರಿಗೆ ಬಸ್ಸಿಗೇನೂ ಬರವಿಲ್ಲ, ಆದರೂ ನಾನು ಬರಲಿಲ್ಲ. ಕಂಪ್ಲಿ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವಳು ಹೀಗೆ ಮಾಡಿದಳಲ್ಲ ಎಂದು ನೊಂದಿರುತ್ತೀಯ. ಕ್ಷಮಿಸು ಎನ್ನುವುದಕ್ಕೂ ಮುಖವಿಲ್ಲ. ಈ ಕಾಗದವನ್ನೇ ನಾಲ್ಕು ಸಲ ಬರೆದು ಹರಿದಿದ್ದೇನೆ.

ನಾನು ಎಕ್ಸ್‌ರೇ ಸೆಂಟರಿನಲ್ಲಿ ಕಂಪ್ಯೂಟರ್ ಟೈಪು ಮಾಡುವುದು ನಿನಗೆ ಗೊತ್ತು. ಹೋದ ವರ್ಷ ಜೂನಿನಲ್ಲಿ ಸಂಡೂರಿನ ಗಣಿಗೆ ಹೊಸದಾಗಿ ಸೇರುವವರ ಎದೆ ಪರೀಕ್ಷೆ ನಮ್ಮಲ್ಲೇ ಆಯಿತು. ಗಣಿಯವರು ಹೆಸರುಗಳನ್ನು ಅಚ್ಚು ಹಾಕಿದ ಹಾಳೆ ಕಳಿಸಿದ್ದರು. ಒಬ್ಬೊಬ್ಬರ ಫಲಿತಾಂಶವನ್ನು ಒಂದೊಂದು ಸಾಲಾಗಿ ಟೈಪು ಮಾಡಿ, ಅದೇ ಹಾಳೆಯಲ್ಲಿ ಅವರವರ ಹೆಸರಿನ ಮುಂದೆ ಬರುವಂತೆ ಮುದ್ರಿಸುವುದು ನನ್ನ ಕೆಲಸ. ಐದನೆಯವನು ಹುಲುಗಪ್ಪ. ಅವನು ಪರೀಕ್ಷೆಗೆ ಬಂದಿರಲಿಲ್ಲ, ಹಾಗೆಂದೇ ಬರೆದೆ. ನಮ್ಮ ಮಾಲೀಕರು ನೋಡಿ, "ಗಂಗಾಬಾಯಾರ, ಬರದವ್ರ ಸುದ್ದಿ ನಮಗ್ಯಾಕ್ರಿ, ಅಳಸಿಬಿಡ್ರಿ" ಎಂದರು.

ಅಳಿಸಿದೆ. ಅಕ್ಷರ ಹೋಯಿತು, ಸಾಲು ಮಾತ್ರ ಖಾಲಿಯಾಗಿ ಉಳಿಯಿತು. ನನಗೋ ಮೊದಲಿಂದಲೂ ಅಚ್ಚುಕಟ್ಟಿನ ಹುಚ್ಚು, ನೀನೇ ಆಡಿಕೊಳ್ಳುತ್ತಿದ್ದೆ. ಹಲ್ಲು ಬಿದ್ದ ಬಾಯಿಯಂತಿದ್ದ ಆ ಜಾಗವನ್ನು ನೋಡಲಾಗದೆ ಅದೇ ಕೀಲಿಯನ್ನು ಇನ್ನೊಮ್ಮೆ ಒತ್ತಿದೆ. ಖಾಲಿ ಸಾಲೂ ಹೋಯಿತು. ಕೆಳಗಿದ್ದದ್ದೆಲ್ಲ ಒಂದೊಂದು ಸಾಲು ಮೇಲಕ್ಕೆ ಸರಿಯಿತು. ಹಾಳೆಯ ಮೇಲಿನ ಹೆಸರುಗಳು ಇದ್ದಲ್ಲೇ ಇರುತ್ತವೆಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಆರನೆಯ ಹೆಸರು ನಿನ್ನ ಗಂಡನದು. "ಎದೆಯಲ್ಲಿ ಕಲೆ, ಕ್ಷಯದ ಚಿಕಿತ್ಸೆ ಬೇಕು" ಎಂಬ ಅವರ ಸಾಲು ಹುಲುಗಪ್ಪನ ಮುಂದೆ ಬಿತ್ತು. ಏಳನೆಯವನ "ಸರಿಯಿದೆ" ಅವರ ಪಾಲಿಗೆ ಬಂತು, ಚಿಕಿತ್ಸೆಯಿಲ್ಲದೆ ಗಣಿಗೆ ಸೇರಿದರು. ಕೊನೆಯ ಹೆಸರಿನ ಮುಂದೆ ಏನೂ ಇರಲಿಲ್ಲ. ಬರದವನು ಇವನೇ ಎಂದುಕೊಂಡು ಗಣಿಯವರು ಸುಮ್ಮನಾದರು.

ತಡವಾಗಿ ಕೆಲಸ ಕೇಳಲು ಹೋದ ಹುಲುಗಪ್ಪನನ್ನು ಅವರು ತಿರುಗಿಸಿ ಕಳಿಸಿದರಂತೆ. ಅವನು ನಮ್ಮಲ್ಲಿಗೆ ಬಂದು, "ಅಮ್ಮಾ, ನಾ ಈ ಬಾಗ್ಲಾಗ ಕಾಲಾ ಇಟ್ಟಿಲ್ಲ. ನನ್ನ ಎದಿಯಾಗ ಕಲೆ ಐತಿ ಅಂತ ಹೆಂಗ ಬರದ್ರಿ?" ಎಂದ. ಆಗಲೇ ನನಗೆ ಗೊತ್ತಾದದ್ದು. ಹಳೆಯ ಫಿಲ್ಮುಗಳನ್ನು ತೆಗೆದು, ನಮ್ಮಲ್ಲಿದ್ದ ಹಾಳೆಯ ನಕಲಿನೊಂದಿಗೆ ಒಂದೊಂದಾಗಿ ತಾಳೆ ನೋಡಿದೆ. ಮಾಲೀಕರು, "ಆಗಿದ್ದು ಆತು. ಬಾಯಿ ಬಿಟ್ರ ನಿಮ್ಮ ನೌಕರಿ ಇಲ್ಲ, ನನ್ನ ಸೆಂಟರೂ ಇಲ್ಲ" ಎಂದರು.

ನೀನು ಗಣಿಯ ಧೂಳನ್ನು ಶಪಿಸುತ್ತಿರುವೆಯಂತೆ. ಆ ಶಾಪದಲ್ಲಿ ನನ್ನ ಪಾಲು ದೊಡ್ಡದು. ಹಾಳೆಯ ನಕಲನ್ನೂ ಅವರ ಫಿಲ್ಮನ್ನೂ ಇದರೊಂದಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ, ಯಾರಿಗೆ ಬೇಕಾದರೂ ತೋರಿಸು. ನಿನ್ನ ಮಗಳು ಪಕೀರಮ್ಮ ನೂರು ಕಾಲ ಬಾಳಲಿ.

ನಿನ್ನ
ಗಂಗಾಬಾಯಿ

ತಾ.ಕ.: ಹುಲುಗಪ್ಪ ಬಂದದ್ದು ಮೊನ್ನೆಯಲ್ಲ, ಹೋದ ದೀಪಾವಳಿಯ ಹಿಂದಿನ ವಾರ. ಅದಾದ ಮೂರನೆಯ ದಿನ ನಿನ್ನ ಮನೆಯವರು ಸಂಡೂರಿನಿಂದ ಊರಿಗೆ ಬರುವಾಗ ನಮ್ಮ ಮನೆ ಹೊಕ್ಕಿದ್ದರು. ಕೆಮ್ಮುತ್ತಲೇ, "ಧೂಳಿಂದು ಬಿಡ್ರಿ ಅಕ್ಕಾ. ಎದಿ ಸರಿ ಐತಿ ಅಂತ ನೀವೇ ಬರದೀರಲ್ಲ" ಎಂದು ನಕ್ಕರು. ನಾನು ಶುಂಠಿ ಕಷಾಯ ಮಾಡಿ ಕುಡಿಸಿ ಬಸ್ಸು ಹತ್ತಿಸಿದೆ.