ತೆರೆದಿಟ್ಟ ಪುಟ

ನಗೋಯಾ
೧೮ ಫೆಬ್ರವರಿ ೨೦೨೧

ಪ್ರೀತಿಯ ಮಧುಕರ್,

ನಮ್ಮಿಬ್ಬರಿಗೂ ಜ್ವರವಿಲ್ಲ, ಕೆಮ್ಮಿಲ್ಲ. ಈ ವರ್ಷ ಕ್ಷೇಮ ಎಂಬ ಮಾತಿಗೆ ಇಷ್ಟೇ ಅರ್ಥ. ಜನವರಿಯಲ್ಲಿ ನೀವು ಕಳಿಸಿದ ಉದ್ದನೆಯ ಇ-ಮೇಲಿಗೆ ಈಗ ಉತ್ತರಿಸುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಫೋನಿನಲ್ಲಿ ಹೇಳೋಣವೆಂದರೆ ಅರ್ಧ ಮಾತಿಗೆ ನಿಮ್ಮ ಮುಖ ಪರದೆಯ ಮೇಲೆ ನಿಂತುಬಿಡುತ್ತದೆ, ಪಕ್ಕದಲ್ಲಿ ಸಂಜನಾ ಬೇರೆ ಇರುತ್ತಾಳೆ. ನಿಮ್ಮ ಜಾಗಕ್ಕೆ ಬರುತ್ತಿರುವ ಈಶ್ವರ ಅವರ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ.

ಎರಡು ತಿಂಗಳ ಕೆಲಸ ಎಂದು ನೀವು ಆಫ್ರಿಕಾಕ್ಕೆ ಹೊರಟಾಗ ಮಗಳಿನ್ನೂ ಶಿಶುವಿಹಾರದಲ್ಲಿದ್ದಳು. ಈಗ ಒಂದನೇ ಕ್ಲಾಸೂ ಮುಗಿಯುತ್ತಾ ಬಂತು. ಸ್ಕೂಲಲ್ಲಿ ಏನಾಯ್ತೇ ಎಂದರೆ "ಬೆತ್ಸುನಿ" ಎನ್ನುತ್ತಾಳೆ, ಏನಿಲ್ಲ ಅಂತ. ಮೈಸೂರಿನಿಂದ ಅತ್ತೆ ಫೋನ್ ಮಾಡಿದರೂ ಅದೇ "ಬೆತ್ಸುನಿ". ಅತ್ತೆ ಆಮೇಲೆ ನನ್ನನ್ನು ಹಿಡಿದುಕೊಳ್ಳುತ್ತಾರೆ. "ಅಲ್ಲ ಅನಸೂಯಾ, ನಮ್ ಬೀದಿ ಚರಂಡಿಗೆ ಬಂದ ದುಡ್ಡು ಏನಾಯ್ತು ಅಂತಾನೇ ಇಲ್ಲಿ ಯಾರೂ ಕೇಳಲ್ಲ. ಇವನಿಗ್ಯಾಕಮ್ಮ ಯಾವುದೋ ದೇಶದ ಉಸಾಬರಿ?"

ಆ ದೇಶದ ಹೆಸರು ಬರೆಯಲೂ ನನಗೆ ಮನಸ್ಸಿಲ್ಲ, ಅಷ್ಟು ರೋಸಿಹೋಗಿದೆ. ನಿಮ್ಮ ಮೇಲ್ ಮತ್ತೆ ಮತ್ತೆ ಓದಿದ ಮೇಲೆ ನನಗೆ ಅರ್ಥವಾದದ್ದು ಇಷ್ಟು. ಬಜೆಟ್ಟಿನಲ್ಲಿ ಯಾವ ಊರಿಗೆ ಎಷ್ಟು ಕೊಟ್ಟಿದ್ದಾರೆ, ಅದರಲ್ಲಿ ಎಷ್ಟು ಖರ್ಚಾಯಿತು ಎಂದು ಅಲ್ಲಿನ ಜನ ಮೊಬೈಲಿನಲ್ಲೇ ನೋಡುವಂಥ ವೆಬ್‌ಸೈಟು ನಿಮ್ಮ ಕಂಪನಿ ಮಾಡಿಕೊಟ್ಟಿತು. ಮಾಡಿ ಎಂದವರೂ ಸರ್ಕಾರದವರೇ, ಕೊರೋನಾ ಹಣದ ಪುಟಕ್ಕೆ ಒಪ್ಪಿಗೆ ಕೊಟ್ಟವರೂ ಅವರೇ. ಯಾವುದೋ ಜಿಲ್ಲಾ ಆಸ್ಪತ್ರೆಯ ನರ್ಸ್ ಎಸ್ತರ್ ಅದನ್ನು ತೆರೆದರೆ, ಅವಳದೇ ಆಸ್ಪತ್ರೆಯಲ್ಲಿ ಆಕ್ಸಿಜನ್ ಘಟಕ ಕಟ್ಟಿ ಮುಗಿದಿದೆ ಎಂದಿತ್ತು. ಅವಳು ಹಿತ್ತಲಿಗೆ ಹೋಗಿ ನೋಡಿದಳು. ಅಲ್ಲಿ ಮೇಕೆ ಮೇಯುತ್ತಿತ್ತು. ಅದರ ಫೋಟೋ ತೆಗೆದು ಎಲ್ಲರಿಗೂ ಕಳಿಸಿದಳು. ಅಂದಿನಿಂದ ಅಲ್ಲಿನ ಸಚಿವಾಲಯದವರು ಪುಟ ಮುಚ್ಚಿ ಎನ್ನುತ್ತಿದ್ದಾರೆ, ನೀವು ಆಗಲ್ಲ ಎನ್ನುತ್ತಿದ್ದೀರಿ.

ಅದರ ಬಿಸಿ ಈ ಮನೆಗೂ ತಟ್ಟಿತು. ಹೋದ ಶನಿವಾರ ಬೆಲ್ ಆಯಿತು. ನೋಡಿದರೆ ನಿಮ್ಮ ಮ್ಯಾನೇಜರ್ ಹಿಬಿನೋ ಸಾನ್. ಕೊರೋನಾ ಎಂದು ಒಳಗೆ ಬರಲಿಲ್ಲ, ಚಪ್ಪಲಿ ಬಿಡುವ ಜಾಗದಲ್ಲೇ ಮಾಸ್ಕು ಹಾಕಿಕೊಂಡು ನಿಂತರು. ಕೈಯಲ್ಲಿ ಉಯಿರೋ ಡಬ್ಬಿ, ನೀವು ಜಪಾನಿನ ಹಾಲುಬಾಯಿ ಎನ್ನುತ್ತಿದ್ದಿರಲ್ಲ, ಅದು. ಇಂಗ್ಲಿಷಿನಲ್ಲಿ ಒಂದು ಮಾತಾಡಿದರೆ ಎರಡು ಸಲ ಸುಮಿಮಾಸೆನ್, ಕ್ಷಮಿಸಿ ಅಂತ.

"ಒಂದೇ ಒಂದು ಪುಟ. ಸ್ವಲ್ಪ ದಿನ ಮುಚ್ಚಿದರೆ ಸಾಕು. ನೀವು ಹೇಳಿದರೆ ಮಧುಕರ್ ಸಾನ್ ಕೇಳುತ್ತಾರೆ."

ಕೊತ್ತಂಬರಿ ಸೊಪ್ಪು ತನ್ನಿ ಎಂದರೆ ಪುದೀನ ತರುವ ಮನುಷ್ಯ ನನ್ನ ಮಾತು ಕೇಳುತ್ತಾರೆಂದು ಇವರಿಗೆ ಯಾರು ಹೇಳಿದರೋ. ಆದರೆ ಮುಂದಿನ ಮಾತಿಗೆ ನಗು ಬರಲಿಲ್ಲ. ಮುಚ್ಚದಿದ್ದರೆ ಮಾರ್ಚ್ ಆದಮೇಲೆ ನಿಮ್ಮ ಕಾಂಟ್ರಾಕ್ಟ್ ಮುಂದುವರಿಸುವುದು ಕಷ್ಟ ಎಂದರು. ಕಾಂಟ್ರಾಕ್ಟ್ ಹೋದರೆ ನಮ್ಮ ಮೂವರ ವೀಸಾನೂ ಹೋದ ಹಾಗೆ.

"ಆ ಪುಟದಲ್ಲಿರೋದು ಸುಳ್ಳಾ?" ಎಂದು ಕೇಳಿದೆ.

ಅವರು ಡಬ್ಬಿಯನ್ನು ಚಪ್ಪಲಿ ಗೂಡಿನ ಮೇಲಿಟ್ಟರು. "ಸುಳ್ಳಲ್ಲ. ಸಮಯ ಸರಿಯಿಲ್ಲ."

ಆಕ್ಸಿಜನ್ ಇಲ್ಲದೆ ಮಲಗಿದವರಿಗೆ ಯಾವ ಸಮಯ ಸರಿ ಎಂದು ಕೇಳಬೇಕೆನಿಸಿತು. ನನ್ನ ಇಂಗ್ಲಿಷ್ ಅಷ್ಟು ದೂರ ಹೋಗಲಿಲ್ಲ. "ಹಾಗಂತ ನಾನು ಬರೆಯಲ್ಲ, ಸುಮಿಮಾಸೆನ್," ಎಂದೆ. ಅವರು ಬಗ್ಗಿ ನಮಸ್ಕರಿಸಿದರು. ನನಗೂ ಬಗ್ಗಲೇಬೇಕಾಯಿತು. ಇಬ್ಬರಿಗೂ ಸಿಟ್ಟಿತ್ತು, ಇಬ್ಬರೂ ಬಗ್ಗುತ್ತಲೇ ಇದ್ದೆವು.

ಬುಧವಾರ ಈಶ್ವರ ನಿಮಗೆ ಕಳಿಸುವ ಸಾಮಾನು ಒಯ್ಯಲು ಬಂದಿದ್ದರು. ಕಾಫಿ ಲೋಟ ಹಿಡಿದುಕೊಂಡು ತಲೆ ಎತ್ತದೆ ಹೇಳಿದರು: "ಅತ್ತಿಗೆ, ನನ್ನನ್ನ ಕಳಿಸ್ತಿರೋದೇ ಆ ಪುಟ ತೆಗಿಯೋಕೆ. ನನ್ ವೀಸಾನೂ ಮಾರ್ಚ್‌ಗೇ ಮುಗಿಯುತ್ತೆ. ನೀವೇ ಹೇಳಿ, ಏನ್ ಮಾಡ್ಲಿ?"

ಅವರ ಹೆಂಡತಿಗೆ ಈಗ ಏಳು ತಿಂಗಳು. ಆ ಮನುಷ್ಯನಿಗೆ ಧೈರ್ಯ ಹೇಳುವ ಹಕ್ಕು ನನಗೆಲ್ಲಿದೆ? ಕಾಫಿಗೆ ಇನ್ನಷ್ಟು ಹಾಲು ಹಾಕಿದೆ, ಅಷ್ಟೆ.

ರಾತ್ರಿ ನೀವು ಫೋನಿನಲ್ಲಿ, ಎಸ್ತರ್ ಆ ಪುಟವನ್ನು ಪ್ರಿಂಟ್ ಮಾಡಿಸಿ ಆಸ್ಪತ್ರೆ ಗೇಟಿಗೆ ಅಂಟಿಸಿದ್ದಾಳೆ, ಕಿತ್ತರೆ ಮತ್ತೆ ಅಂಟಿಸುತ್ತಾಳೆ ಎಂದಿರಿ. ನನಗೆ ಒಂದು ವರ್ಷದಲ್ಲಿ ಮೊದಲ ಸಲ ನಿಮ್ಮ ಕೆಲಸ ಏನೆಂದು ತಿಳಿಯಿತು. ಈಶ್ವರ ಬಂದು ಏನು ಮಾಡಬೇಕೋ ಮಾಡಲಿ, ಅವರ ಮೇಲೆ ಸಿಟ್ಟಾಗಬೇಡಿ. ನಿಮ್ಮ ಕೈಯಿಂದ ಮಾತ್ರ ಮುಚ್ಚಬೇಡಿ. ಮೈಸೂರಿಗೇ ವಾಪಸು ಹೋಗಬೇಕಾದರೆ ಹೋಗೋಣ. ಸಂಜನಾಗೆ ಕನ್ನಡ ಓದಲು ಬರುವುದಿಲ್ಲವೆಂದು ಅತ್ತೆ ಗೊಣಗುತ್ತಾರೆ, ಗೊಣಗಲಿ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಬೈಗುಳವನ್ನೂ ಹೇಳಿದ್ದಾರೆ, ಅದನ್ನು ಬಂದಮೇಲೆ ಕೇಳಿಸಿಕೊಳ್ಳಿ. ಚಾಮುಂಡಿ ತಾಯಿ ನಿಮ್ಮನ್ನೂ ಆ ಎಸ್ತರಳನ್ನೂ ಕಾಯಲಿ.

ನಿಮ್ಮ
ಅನಸೂಯಾ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹಿಬಿನೋ ಸಾನ್ ಹೊರಡುವಾಗ ಬಾಗಿಲ ಹಿಡಿಕೆಗೆ ಕೈಹಾಕಿ ಹೇಳಿದರು: "ಅಕ್ಟೋಬರಿನಲ್ಲೇ ನಾವು ಮಧುಕರ್ ಸಾನ್‌ಗೆ ವಾಪಸು ಬರಲು ಟಿಕೆಟ್ ಮಾಡಿಸಿದ್ದೆವು. ಕೆಲಸ ಮುಗಿಯಲಿ ಎಂದು ಅವರೇ ಬೇಡವೆಂದರು. ನಿಮಗೆ ಬಹಳ ಕಷ್ಟವಾಯಿತು." ನಾನು "ಹೌದು, ಗೊತ್ತು" ಎಂದೆ. ಗೊತ್ತಿರಲಿಲ್ಲ ಮಧುಕರ್. ವಿಮಾನವೇ ಇಲ್ಲ ಎಂದಿದ್ದಿರಿ. ದಿನಾ ಅದನ್ನೇ ಸಂಜನಾಗೆ ಹೇಳಿ ಮಲಗಿಸುತ್ತಿದ್ದೆ. ನೀವು ಅಲ್ಲಿ ಉಳಿದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಕೇಳಿದ್ದರೆ, ಇರಿ ಎಂದೇ ಹೇಳುತ್ತಿದ್ದೆನೇನೋ. ನೀವು ಕೇಳಲಿಲ್ಲ.