ಟವೆಲ್ ಒಣಗಿಸೋ ಸ್ಟ್ಯಾಂಡಲ್ಲ, ಅಪ್ಪ

ಅಪ್ಪ,

ನಾನು ಡ್ಯೂಟಿಗೆ ಹೊರಟೆ. ಅಡುಗೆ ಒಲೆ ಮೇಲಿದೆ, ಬಿಸಿ ಮಾಡ್ಕೊಳ್ಳಿ.

ಓದೋ ಸ್ಟ್ಯಾಂಡಿನ ಮೇಲೆ ಮತ್ತೆ ಒದ್ದೆ ಟವೆಲ್ ಹರವಿದ್ರಿ, ತೆಗೆದು ಹಗ್ಗಕ್ಕೆ ಹಾಕಿದೀನಿ. ಕಣ್ಣು ಮಂಜಾಯ್ತು, ಬಗ್ಗಿ ಓದಿ ಕತ್ತು ಹಿಡ್ಕೊಳ್ತು ಅಂತ ನೀವು ಪೇಪರನ್ನೇ ಬಿಟ್ರಲ್ಲ, ಅದಕ್ಕೇ ಪೇಪರನ್ನ ಕಣ್ಣೆದುರಿಗೆ ಎತ್ತಿ ಹಿಡಿಯೋ, ದೀಪ ಇರೋ ಈ ಸ್ಟ್ಯಾಂಡನ್ನ ತಂದಿದ್ದು. ನಾನು ಓದಿ ಹೇಳಿದ್ರೆ, "ಸಾವಿನ ಸುದ್ದಿ ಹಾರಿಸಿಬಿಡ್ತೀಯ" ಅಂತ ಸಿಡುಕ್ತೀರಿ. ಹಾರಿಸ್ತೀನಿ, ನಿಜ.

ಇಷ್ಟು ದಿನ ಚೀಟೀನ ದಪ್ಪ ಮಾರ್ಕರಲ್ಲಿ ಬರೀತಿದ್ದೆ. ಇವತ್ತು ಮಾಮೂಲಿ ಪೆನ್ನಲ್ಲಿ ಬರೆದು, ಸ್ಟ್ಯಾಂಡಿಗೇ ಸಿಕ್ಕಿಸಿ, ಅದರ ದೀಪ ಹಾಕಿಟ್ಟಿದೀನಿ. ನೆಟ್ಟಗೆ ಕೂತು ಓದಿ.

ಬಿಸ್ಕತ್ತಿನ ಡಬ್ಬಾನ ರೇಡಿಯೋ ಹಿಂದೆ ಬಚ್ಚಿಟ್ಟಿದೀನಿ. ಈ ಚೀಟಿ ಓದದವರಿಗೆ ಅದು ಸಿಗಲ್ಲ. ಸಂಜೆ ಬಂದು ಮೊದಲು ಡಬ್ಬ ನೋಡ್ತೀನಿ. ಎರಡು ಬಿಸ್ಕತ್ತು ಕಮ್ಮಿ ಆಗಿದ್ರೂ ಸಾಕು, "ಈ ಸ್ಟ್ಯಾಂಡಲ್ಲಿ ಏನೂ ಕಾಣಲ್ಲ" ಅನ್ನೋ ನಿಮ್ಮ ಮಾತು ಅಲ್ಲಿಗೆ ಮುಗೀತು.